ನಮ್ಮೂರ ಗಂಟುರೋಗಕ್ಕೊಂದು ಗ್ರೀಕ್ ಹೆಸರು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯಿಂದ ಬಂದ ನಮಗೆ ಗಂಟುರೋಗ ಅನ್ನೋ ಮಾತು ಚಿಕ್ಕಂದಿನಿಂದ ಗೊತ್ತು. ರೇಷ್ಮೆ ಬೆಳೆಯೋ ಮನೆಗಳಲ್ಲಿ ಅದು ಹೆದರಿಸೋ ಮಾತು. ನಮ್ಮಲ್ಲೊಬ್ಬರ ಮನೆಯಲ್ಲಿ ಈ ರೋಗ ಬಂದು ಒಂದು ಬೆಳೆಯ ಹುಳುಗಳನ್ನೆಲ್ಲ ಸುಟ್ಟುಹಾಕಿದ್ದರು. ಆ ಸಲದ ಸೊಪ್ಪು, ಕೂಲಿ, ಸಾಲ ಎಲ್ಲ ಅದರ ಜೊತೆಗೇ ಹೋಯ್ತು.

ಇಷ್ಟೆಲ್ಲ ಮಾಡಿದ ಜೀವಿಗೆ ಇರೋದು ಒಂದೇ ಜೀವಕೋಶ. ಅದರ ಕುಲದ ಹೆಸರು ನೊಸೀಮಾ. 1857ರಲ್ಲಿ ಸ್ವಿಟ್ಜರ್ಲೆಂಡಿನ ಸಸ್ಯವಿಜ್ಞಾನಿ ಕಾರ್ಲ್ ನೇಗೆಲಿ ಇದಕ್ಕೆ ನೊಸೀಮಾ ಬಾಂಬಿಸಿಸ್ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ನೊಸೀಮಾ ಅಂದ್ರೆ ಬರೀ 'ರೋಗ'. ಅಂದ್ರೆ ಪೂರ್ತಿ ಹೆಸರಿಗೆ 'ರೇಷ್ಮೆ ಹುಳುವಿನ ರೋಗ' ಅಂತ ಅರ್ಥ, ಅಷ್ಟೇ! ರೋಗದ ಇನ್ನೊಂದು ಹೆಸರು ಪೆಬ್ರಿನ್. ದಕ್ಷಿಣ ಫ್ರಾನ್ಸಿನ ಆಡುಮಾತಿನಲ್ಲಿ ಪೆಬ್ರೆ ಅಂದ್ರೆ ಕಾಳುಮೆಣಸು. ಹುಳುವಿನ ಮೈಮೇಲೆ ಮೆಣಸಿನ ಪುಡಿ ಉದುರಿಸಿದ ಹಾಗೆ ಕಪ್ಪು ಚುಕ್ಕೆ ಬರುತ್ತಲ್ಲ, ಅದಕ್ಕೆ.

ನೇಗೆಲಿ ಇದನ್ನು ಬ್ಯಾಕ್ಟೀರಿಯಾ, ಯೀಸ್ಟ್‌ಗಳ ಸಾಲಿಗೆ ಸೇರಿಸಿದ್ದರು. ಆಮೇಲೆ ಬಹಳ ಕಾಲ ಪ್ರೋಟೋಜೋವಾ ಎಂದರು. ಈಗ ಡಿಎನ್‌ಎ ನೋಡಿ, ಶಿಲೀಂಧ್ರಗಳ ಹತ್ತಿರದ ನೆಂಟ ಅಂತಾರೆ. 2020ರಲ್ಲಿ ಜೇನುನೊಣಗಳಿಗೆ ರೋಗ ತರುವ ನೊಸೀಮಾಗಳನ್ನು ವೈರಿಮಾರ್ಫಾ ಅನ್ನೋ ಕುಲಕ್ಕೆ ಸೇರಿಸಿದರು. ಕುಲಕ್ಕೆ ಮೊದಲ ಹೆಸರು ತಂದ ನಮ್ಮ ರೇಷ್ಮೆ ಹುಳುವಿನದ್ದು ಮಾತ್ರ ಇನ್ನೂ ನೊಸೀಮಾನೇ.

ಈ ರೋಗ ತಾಯಿ ಚಿಟ್ಟೆಯಿಂದ ಮೊಟ್ಟೆಯೊಳಕ್ಕೇ ಹೋಗುತ್ತೆ. ಹಾಗಾಗಿ ಮೊಟ್ಟೆ ಒಡೆದು ಬರುವ ಮರಿಗೆ ಹುಟ್ಟಿನಿಂದಲೇ ರೋಗ. 1865ರಲ್ಲಿ ಫ್ರಾನ್ಸಿನ ಅಲೆಸ್ ಪಟ್ಟಣಕ್ಕೆ ಹೋದ ಲೂಯಿ ಪಾಶ್ಚರ್ ಕೆಲವು ವರ್ಷ ಕೆಲಸ ಮಾಡಿ ಇದಕ್ಕೊಂದು ಉಪಾಯ ಬಳಕೆಗೆ ತಂದರು: ಮೊಟ್ಟೆ ಇಟ್ಟ ಚಿಟ್ಟೆಯನ್ನು ಅರೆದು ಮೈಕ್ರೋಸ್ಕೋಪಿನಲ್ಲಿ ನೋಡೋದು, ನೊಸೀಮಾ ಕಂಡರೆ ಅದರ ಮೊಟ್ಟೆಗಳನ್ನು ನಾಶ ಮಾಡೋದು. ನಮ್ಮ ಬಿತ್ತನೆ ಕೋಠಿಗಳಲ್ಲಿ ಇವತ್ತಿಗೂ ತಾಯಿ ಚಿಟ್ಟೆಯ ಪರೀಕ್ಷೆ ಹೀಗೇ ನಡೆಯುತ್ತೆ. ನಮ್ಮ ಕಡೆ "ನೂರು ಮೊಟ್ಟೆ ಮೇಯಿಸಿದ್ವಿ" ಅಂದ್ರೆ ನೂರು ಚಿಟ್ಟೆಗಳು ಇಟ್ಟ ಮೊಟ್ಟೆ ಅಂತ ಅರ್ಥ. ಒಂದೊಂದು ಚಿಟ್ಟೆಯದ್ದೂ ನೂರಾರು. ತಾಯಿಯನ್ನು ಲೆಕ್ಕ ಹಿಡಿಯೋದು ನಮ್ಮ ಮಾತಿನಲ್ಲೇ ಇದೆ.

ಪುಸ್ತಕದಲ್ಲಿ ನೊಸೀಮಾ, ಹುಳು ಮನೆಯಲ್ಲಿ ಗಂಟುರೋಗ. ಎರಡೂ ಒಂದೇ ಅಂತ ಗೊತ್ತಿದ್ದರೆ, ಅಗ್ಗಕ್ಕೆ ಸಿಗುತ್ತೆ ಅಂತ ಪರೀಕ್ಷೆ ಆಗದ ಮೊಟ್ಟೆ ತರಲು ಹೊರಟವರಿಗೆ "ಬೇಡಿ ಮಾವ" ಅನ್ನಬಹುದು. ಯಾಕೆ ಬೇಡ ಅಂತ ಅವರದೇ ಮಾತಿನಲ್ಲಿ ಹೇಳಲೂಬಹುದು.