ತಿದ್ದುವ ಮಿತಿ

ಹುಬ್ಬಳ್ಳಿಯ ಉಣಕಲ್ ಕೆರೆಯ ಫೋಟೊ ತೆಗೆದು ಕಂಪ್ಯೂಟರಿನಲ್ಲಿ ತಿದ್ದುವುದು ನನ್ನ ಹವ್ಯಾಸ. ಸಂಜೆಯ ಬಾನಿನ ಬೆಳಕಿಗೆ ಕ್ಯಾಮೆರಾ ಹೊಂದಿಸಿದರೆ ದಂಡೆಯ ಮರಗಳು ಕಪ್ಪಾಗುತ್ತವೆ. ಕಣ್ಣು ಮಾತ್ರ ಎರಡನ್ನೂ ಕಂಡಿರುತ್ತದೆ. ಹಾಗಾಗಿ ನೆರಳನ್ನು ತುಸು ತಿಳಿಗೊಳಿಸುವುದು ಸುಳ್ಳಲ್ಲ.

ಬಣ್ಣ ಏರಿಸುವಾಗ ಕೈ ಬಿಗಿಯಿರಬೇಕು. ಧಾರವಾಡದ ಪಶ್ಚಿಮಕ್ಕೆ ಕೆಮ್ಮಣ್ಣು, ನವಲಗುಂದದ ಕಡೆ ಎರೆಮಣ್ಣು. ಬಣ್ಣ ಅತಿಯಾದರೆ ಒಂದು ಕುಂಕುಮದಂತಾಗುತ್ತದೆ, ಇನ್ನೊಂದು ನೀಲಿಗೆ ತಿರುಗುತ್ತದೆ. ಅದು ತನ್ನ ಹೊಲವೆಂದು ರೈತನೇ ನಂಬುವುದಿಲ್ಲ.

ಅಂತರಗಂಗೆ ಕಳೆ ಕೆರೆಯನ್ನು ಮುಚ್ಚಿದ್ದಾಗ ತೆಗೆದ ಚಿತ್ರವೊಂದು ನನ್ನಲ್ಲಿದೆ. ‘ಆ ಕಳೆ ಅಳಿಸಿಬಿಡ್ರಿ, ಚೊಲೋ ಕಾಣ್ತದ’ ಎಂದರು ಗೆಳೆಯರೊಬ್ಬರು. ಕೆಲವೇ ನಿಮಿಷದ ಕೆಲಸ. ಆದರೂ ಅಳಿಸಲಿಲ್ಲ. ಚಿತ್ರದಲ್ಲೇ ಕೆರೆ ಸ್ವಚ್ಛವಾಗಿಬಿಟ್ಟರೆ, ನಿಜವಾದ ಕೆರೆಯನ್ನು ಸ್ವಚ್ಛ ಮಾಡಿ ಎಂದು ಕೇಳುವವರು ಯಾರು?