ಕವಲೇದುರ್ಗದಲ್ಲಿ ಒಂದು ಹಗಲು

ಭದ್ರಾವತಿ, ಶಿವಮೊಗ್ಗಗಳ ಸಂಸಾರವಂದಿಗರಿಗೆ ಕವಲೇದುರ್ಗವನ್ನು ಏರಿ ಇಳಿಯಲು ಭಾನುವಾರದ ಒಂದು ಹಗಲು ಸಾಕು. ಶಿವಮೊಗ್ಗದಿಂದ ಸಕ್ರೆಬೈಲು, ಮಂಡಗದ್ದೆಗಳ ಮಾರ್ಗವಾಗಿ ತೀರ್ಥಹಳ್ಳಿಗೆ ಸುಮಾರು 60 ಕಿಲೋಮೀಟರು. ಅಲ್ಲಿಂದ ದುರ್ಗದ ಬುಡಕ್ಕೆ ಸುಮಾರು 18. ಗದ್ದೆಯಂಚು ಕಳೆದರೆ ಕಲ್ಲುಹಾಸಿನ ದಾರಿ, ಒಂದನ್ನು ದಾಟಿದರೆ ಇನ್ನೊಂದು ಹೆಬ್ಬಾಗಿಲು.

ಕೆಳದಿಯ ವೆಂಕಟಪ್ಪನಾಯಕನ ಕಾಲದಲ್ಲಿ ಬಲಗೊಂಡ ಕೋಟೆಯಿದು. 1763ರಲ್ಲಿ ಬಿದನೂರು ಹೈದರಾಲಿಯ ವಶವಾಗಿ ಕೆಳದಿಯ ದೀಪ ನಂದಿತು. ಅರಮನೆಗೆ ಇಂದು ಮಾಡಿಲ್ಲ; ಅಡಿಗೆಮನೆಯ ಕಲ್ಲೊಲೆ ಇನ್ನೂ ಉಳಿದಿದೆ. ಅದನ್ನು ಕಂಡ ಗೃಹಿಣಿಗೆ ಬುತ್ತಿ ಬಿಚ್ಚುವ ಮುನ್ನ ಕ್ಷಣಕಾಲ ಮಾತು ಹೊರಡದು.

ಮಳೆಗಾಲದಲ್ಲಿ ಪಾಚಿಗಲ್ಲು ಜಾರುತ್ತದೆ, ಉಂಬಳ ಕಾಡುತ್ತದೆ. ದೀಪಾವಳಿಯ ಅನಂತರ ಹೊರಡುವುದು ಲೇಸು. ಶಿಖರದ ಗುಡಿಯಿಂದ ಕಾಡು, ಹಿನ್ನೀರುಗಳನ್ನು ಕಣ್ತುಂಬಿಕೊಂಡು, ಹೊತ್ತು ಮುಳುಗುವ ಮೊದಲೇ ಇಳಿಯಬೇಕು. ಶತಮಾನಗಳ ಮಲೆನಾಡ ಮಳೆಗೆ ಜಗ್ಗದ ಗೋಡೆಗಳು, ಕಲ್ಲು ಕೀಳುವ ಕೈಗೆ ಮಾತ್ರ ನಿಲ್ಲಲಾರವು. ಮಕ್ಕಳಿಗೆ ಅಲ್ಲಿಯೇ ಈ ಮಾತು ತಿಳಿಹೇಳಿದರೆ ಪ್ರವಾಸ ಸಾರ್ಥಕ.