ಕಡತಕ್ಕೆ ಅಳತೆ, ನೆನಪಿಗೆ ಅವಧಿ

ಸರ್ವರ್ ಯಂತ್ರಗಳನ್ನು ಕಾಯುವುದು ನನ್ನ ಹೊಟ್ಟೆಪಾಡು. ಯಾರು ಬಂದರು, ಏನು ಕೇಳಿದರು, ಎಲ್ಲಿ ತಪ್ಪಿತು ಎಂದು ಈ ಯಂತ್ರ ಕ್ಷಣಕ್ಷಣಕ್ಕೂ ಬರೆದಿಡುವ ದಿನಚರಿಗೆ ಲಾಗ್ ಎಂದು ಹೆಸರು. ಬರೆದು ಅದಕ್ಕೆ ದಣಿವಿಲ್ಲ. ಸುಮ್ಮನೆ ಬಿಟ್ಟರೆ ಡಿಸ್ಕನ್ನೆಲ್ಲ ತುಂಬಿ, ಕೊನೆಗೆ ಯಂತ್ರವೇ ಉಸಿರುಕಟ್ಟಿ ನಿಂತೀತು.

ಅದಕ್ಕೆಂದೇ ಲಿನಕ್ಸಿನಲ್ಲಿ ಲಾಗ್‌ರೊಟೇಟ್ ಎಂಬ ಕಾವಲುಗಾರನಿದ್ದಾನೆ. ಸಾಮಾನ್ಯವಾಗಿ ದಿನಕ್ಕೊಂದೇ ಸುತ್ತು ಅವನದು. ‘100 ಮೆಗಾಬೈಟ್ ದಾಟಿದ್ದರೆ ಹೊಸ ಕಡತ ತೆರೆ, ಹಳೆಯವು ನಾಲ್ಕಿರಲಿ’ ಎಂದರೆ ಅಷ್ಟನ್ನೇ ಮಾಡುತ್ತಾನೆ. ಸಂತೆಯಂಥ ದಿನಗಳಲ್ಲಿ ಕಡತ ನಿತ್ಯವೂ ತುಂಬುತ್ತದೆ. ಐದನೆಯ ಸುತ್ತಿಗೆ ಮೊದಲ ದಿನದ ಲೆಕ್ಕ ಮಾಯ. ಕಳ್ಳ ನುಗ್ಗಿದ್ದು ಆ ದಿನವೇ ಆಗಿದ್ದರೆ? ಅವನ ಹೆಜ್ಜೆಗುರುತನ್ನು ನಮ್ಮ ಕಾವಲುಗಾರನೇ ಗುಡಿಸಿಬಿಟ್ಟಂತಾಯಿತು!

ಲಾಗ್‌ಗಳನ್ನು 180 ದಿನ ಕಾದಿಡಬೇಕೆಂದು ನಮ್ಮ ದೇಶದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ವಿಧಿಸಿತು. ಅಳತೆಯ ಮಿತಿ ಜಾಗವನ್ನು ಕಾಯುತ್ತದೆ, ದಿನಗಳನ್ನಲ್ಲ. ಆದ್ದರಿಂದ ಹಳೆಯ ಕಡತವನ್ನು ಕುಗ್ಗಿಸಿ ಬೇರೊಂದು ಯಂತ್ರಕ್ಕೆ ಸಾಗಿಸಿದ ಮೇಲೆಯೇ ಇಲ್ಲಿಂದ ಅಳಿಸಲು ಬಿಡುತ್ತೇನೆ.

ಊರು ಬಿಟ್ಟು ಬಂದು ಎರಡು ಕೋಣೆಗಳಲ್ಲಿ ಸಂಸಾರ ಹೂಡಿದ ನಮಗೆ ಜಾಗದ ಬೆಲೆ ಗೊತ್ತು. ಎಸೆಯುವ ಮುನ್ನ ಹಳೆಯ ಪೆಟ್ಟಿಗೆಯನ್ನೊಮ್ಮೆ ಬಿಚ್ಚಿ ನೋಡಬೇಕೆಂಬುದೂ ಗೊತ್ತು, ಅಲ್ಲವೇ?